ಪರಿಮಳವನ್ನು ಕಟ್ಟಿದ ವಿಜ್ಞಾನಿ ಪರ್ಕಿನ್

ವಯನಾಡಿನಲ್ಲಿ ಯಾವ ಕಾಲ ನಡೆಯುತ್ತಿದೆ ಎಂದು ತಿಳಿಯಲು ಪಂಚಾಂಗವನ್ನೇ ನೋಡಬೇಕೆಂದಿಲ್ಲ, ಮೂಗಿದ್ದರೆ ಸಾಕು. ಬೇಸಗೆಯ ಮೊದಲ ಮಳೆ ಬಿದ್ದು ಕೆಲವು ದಿನಗಳಾಗುತ್ತಲೇ ಕಾಫಿ ತೋಟಗಳು ಬೆಳ್ಳಗೆ ಹೂಬಿಟ್ಟು ಮಲ್ಲಿಗೆಯಂತೆ ಕಂಪು ಬೀರುತ್ತವೆ. ಗಂಧಕಶಾಲೆ ಭತ್ತ ಬೆಳೆದ ಗದ್ದೆಯ ಬದುವಿನಲ್ಲಿ ನಡೆದರೆ ಅನ್ನ ಬೇಯುವುದಕ್ಕೆ ಮೊದಲೇ ಅನ್ನದ ಘಮ ಬರುತ್ತದೆ. ಅಂಗಳದಲ್ಲಿ ಮೆಣಸು ಹರಡಿದಾಗ ಒಂದು ವಾಸನೆ, ಶುಂಠಿ ಒಣಗುವಾಗ ಇನ್ನೊಂದು ವಾಸನೆ. ಮಜ್ಜಿಗೆ ಹುಲ್ಲನ್ನು ಬಟ್ಟಿ ಇಳಿಸಿ ಎಣ್ಣೆ ತೆಗೆಯುವ ಕಡೆ ಹೋದರಂತೂ ಉಟ್ಟ ಬಟ್ಟೆಗೂ ನಿಂಬೆಯ ವಾಸನೆ ಅಂಟಿಕೊಳ್ಳುತ್ತದೆ. ಇವೆಲ್ಲ ಮಣ್ಣಿನಲ್ಲಿ ಬೆಳೆದ ಪರಿಮಳಗಳು.

ಆದರೆ ಬೆಳಿಗ್ಗೆ ಸ್ನಾನಕ್ಕೆ ಹೋದಾಗ ನಾವು ಕೈಗೆತ್ತಿಕೊಳ್ಳುವ ಸೋಪಿನ ಪರಿಮಳ ಎಲ್ಲಿಂದ ಬಂದಿತು? ತಂದೆಯವರು ಕ್ಷೌರಕ್ಕೆ ಬಳಸುವ ಕ್ರೀಮಿನ ಪರಿಮಳ, ಮದುವೆ ಮನೆಯಲ್ಲಿ ಯಾರೋ ಹಚ್ಚಿಕೊಂಡು ಬಂದ ಸೆಂಟಿನ ಪರಿಮಳ, ಇವು ಯಾವ ತೋಟದ ಬೆಳೆ? ಇವುಗಳಲ್ಲಿ ಬಹುಪಾಲು ಯಾವ ತೋಟದ ಬೆಳೆಯೂ ಅಲ್ಲ. ಕಾರ್ಖಾನೆಯಲ್ಲಿ ಮನುಷ್ಯನೇ ಕಟ್ಟಿದ ರಾಸಾಯನಿಕ ವಸ್ತುಗಳಿಂದ ಬಂದವು. ಅಂಥ ವಸ್ತುಗಳ ಸಾಲಿನಲ್ಲಿ ಮೊದಲಿಗೆ ನಿಲ್ಲುವ ಹೆಸರು ಕೂಮರಿನ್. ಒಣಗಿದ ಹುಲ್ಲಿನ ಇಂಪಾದ ವಾಸನೆಯುಳ್ಳ ಈ ಬಿಳಿಯ ಹರಳನ್ನು 1868ರಲ್ಲಿ ಮೊಟ್ಟಮೊದಲು ಪ್ರಯೋಗಶಾಲೆಯಲ್ಲಿ ತಯಾರಿಸಿದವನು ಇಂಗ್ಲೆಂಡಿನ ವಿಲಿಯಂ ಹೆನ್ರಿ ಪರ್ಕಿನ್.

ಪರ್ಕಿನ್ನನ ಹೆಸರನ್ನು ಕೃತಕ ಬಣ್ಣದ ಪಾಠದಲ್ಲಿ ಕೆಲವರು ಓದಿರಬಹುದು. ಆದರೆ ಅವನು ಮೊದಲು ಹುಡುಕಲು ಹೊರಟದ್ದು ಬಣ್ಣವನ್ನೂ ಅಲ್ಲ, ಪರಿಮಳವನ್ನೂ ಅಲ್ಲ. ಒಂದು ಕಾಲಕ್ಕೆ ವಯನಾಡಿನ ಹೆಸರು ಕೇಳಿದರೆ ಜನ ಹೆದರುವಂತೆ ಮಾಡಿದ್ದ ಚಳಿಜ್ವರಕ್ಕೆ ಔಷಧವನ್ನು ತಯಾರಿಸಲು ಅವನು ಹೊರಟಿದ್ದನು. ಅದು ಅವನಿಗೆ ದೊರೆಯಲಿಲ್ಲ. ದೊರೆಯದೇ ಹೋದಾಗ ಅವನೇನು ಮಾಡಿದನು ಎಂಬುದೇ ಅವನ ಜೀವನದ ಸಾರ.

ಊಟ ಬಿಟ್ಟು ಪಾಠ ಕೇಳಿದ ಹುಡುಗ

ವಿಲಿಯಂ ಹೆನ್ರಿ ಪರ್ಕಿನ್ 1838ರ ಮಾರ್ಚ್ 12ರಂದು ಲಂಡನ್ನಿನ ಪೂರ್ವ ಭಾಗದ ಶಾಡ್ವೆಲ್ ಎಂಬಲ್ಲಿ ಜನಿಸಿದನು. ತಂದೆ ಜಾರ್ಜ್ ಪರ್ಕಿನ್ ಬಡಗಿ ಕೆಲಸದಿಂದ ಮೇಲೆ ಬಂದು ಮನೆ ಕಟ್ಟಿಸುವ ಗುತ್ತಿಗೆ ಹಿಡಿಯುತ್ತಿದ್ದವನು. ಮಕ್ಕಳಲ್ಲಿ ವಿಲಿಯಂ ಕಿರಿಯವನು. ಮಗ ದೊಡ್ಡವನಾಗಿ ಕಟ್ಟಡಗಳ ನಕ್ಷೆ ಹಾಕುವ ವಾಸ್ತುಶಿಲ್ಪಿಯಾಗಲಿ ಎಂಬುದು ತಂದೆಯ ಆಸೆ. ಆದರೆ ಒಬ್ಬ ಗೆಳೆಯನ ಮನೆಯಲ್ಲಿ ಹರಳುಗಳು ಕಟ್ಟುವ ಪ್ರಯೋಗವನ್ನು ನೋಡಿದಂದಿನಿಂದ ಹುಡುಗನ ಮನಸ್ಸು ರಸಾಯನಶಾಸ್ತ್ರದ ಕಡೆ ತಿರುಗಿತು.

ಅವನು ಓದಿದ ಸಿಟಿ ಆಫ್ ಲಂಡನ್ ಶಾಲೆಯಲ್ಲಿ ಥಾಮಸ್ ಹಾಲ್ ಎಂಬ ಉಪಾಧ್ಯಾಯರಿದ್ದರು. ವಿಜ್ಞಾನಕ್ಕೆ ವೇಳಾಪಟ್ಟಿಯಲ್ಲಿ ಸರಿಯಾದ ಸ್ಥಾನವಿಲ್ಲದ ಕಾಲ ಅದು. ಹಾಲ್ ಅವರು ವಾರಕ್ಕೆ ಎರಡು ದಿನ ಮಧ್ಯಾಹ್ನದ ಊಟದ ಬಿಡುವಿನಲ್ಲಿ ರಸಾಯನಶಾಸ್ತ್ರದ ಪಾಠ ಮಾಡುತ್ತಿದ್ದರು. ಪರ್ಕಿನ್ ಊಟ ಬಿಟ್ಟು ಆ ಪಾಠಕ್ಕೆ ಹೋಗುತ್ತಿದ್ದನು. ಪ್ರಯೋಗದ ಸಾಮಗ್ರಿಗಳನ್ನು ಜೋಡಿಸಿಡುವ ಕೆಲಸವನ್ನೂ ವಹಿಸಿಕೊಂಡನು. ಮಗನನ್ನು ಇದೇ ದಾರಿಯಲ್ಲಿ ಬಿಡಬೇಕೆಂದು ತಂದೆಯನ್ನು ಒಪ್ಪಿಸಿದವರೂ ಈ ಹಾಲ್ ಮಾಸ್ತರರೇ. ಒಬ್ಬ ಉಪಾಧ್ಯಾಯನು ಬಿಡುವಿನ ವೇಳೆಯಲ್ಲಿ ಮಾಡಿದ ಪಾಠ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

1853ರಲ್ಲಿ, 15ನೆಯ ವಯಸ್ಸಿನಲ್ಲಿ ಪರ್ಕಿನ್ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಕೆಮಿಸ್ಟ್ರಿಯನ್ನು ಸೇರಿದನು. ಅಲ್ಲಿ ಮುಖ್ಯ ಪ್ರಾಧ್ಯಾಪಕ ಜರ್ಮನಿಯಿಂದ ಬಂದಿದ್ದ ಆಗಸ್ಟ್ ವಿಲ್‌ಹೆಲ್ಮ್ ಹಾಫ್‌ಮನ್. ಕಲ್ಲಿದ್ದಲಿನಿಂದ ಅನಿಲ ತೆಗೆದ ಮೇಲೆ ಉಳಿಯುವ ಕಪ್ಪು ಟಾರನ್ನು ಜನ ಹೊಲಸೆಂದು ಎಸೆಯುತ್ತಿದ್ದ ದಿನಗಳಲ್ಲಿ, ಅದರೊಳಗೆ ಏನೇನಿದೆ ಎಂದು ತಾಳ್ಮೆಯಿಂದ ಬಿಡಿಸಿ ನೋಡುತ್ತಿದ್ದ ವಿದ್ವಾಂಸ ಅವನು. ಎರಡು ವರ್ಷಗಳಲ್ಲೇ ಪರ್ಕಿನ್ ಆತನ ಸಹಾಯಕನಾದನು. ಹಗಲು ಗುರುವಿನ ಕೆಲಸ; ರಾತ್ರಿ ಮತ್ತು ರಜಾದಿನಗಳಲ್ಲಿ ಮನೆಯ ಮೇಲಂತಸ್ತಿನ ಒಂದು ಚಿಕ್ಕ ಕೋಣೆಯಲ್ಲಿ ಸ್ವಂತ ಪ್ರಯೋಗ.

ಚಳಿಜ್ವರದ ಮದ್ದು

ವಯನಾಡಿನ ಹಿರಿಯರಿಗೆ ಮಲೇರಿಯ ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. 1940ರ ದಶಕದಲ್ಲಿ ತಿರುವಾಂಕೂರಿನಿಂದ ಭೂಮಿ ಹುಡುಕಿಕೊಂಡು ಬೆಟ್ಟ ಹತ್ತಿದ ಕುಟುಂಬಗಳಲ್ಲಿ ಎಷ್ಟೋ ಮಂದಿ ಈ ಜ್ವರಕ್ಕೆ ತುತ್ತಾದರು. ಎಸ್. ಕೆ. ಪೊಟ್ಟೆಕ್ಕಾಟ್ ಅವರು 1948ರಲ್ಲಿ ಪ್ರಕಟಿಸಿದ ‘ವಿಷಕನ್ಯಕ’ ಎಂಬ ಮಲಯಾಳಂ ಕಾದಂಬರಿಯ ವಸ್ತು ಇದೇ. ಸ್ವಾತಂತ್ರ್ಯ ಬಂದ ಮೇಲೆ 1953ರಲ್ಲಿ ರಾಷ್ಟ್ರೀಯ ಮಲೇರಿಯ ನಿಯಂತ್ರಣ ಕಾರ್ಯಕ್ರಮ ಆರಂಭವಾಗಿ, ಮನೆಮನೆಗೆ ಡಿಡಿಟಿ ಹೊಡೆದ ಮೇಲೆಯೇ ಈ ಭಯ ತಗ್ಗಿದ್ದು.

ಅದಕ್ಕೆ ಮೊದಲು ನೂರಾರು ವರ್ಷ ಈ ಜ್ವರಕ್ಕಿದ್ದ ಹೆಸರಾಂತ ಮದ್ದೆಂದರೆ ಸಿಂಕೋನ ಮರದ ತೊಗಟೆ. ಅದರೊಳಗಿನ ಕಹಿಯಾದ ಸಾರವೇ ಕ್ವಿನೀನ್. ಪರ್ಕಿನ್ನನ ಕಾಲದಲ್ಲಿ ಈ ತೊಗಟೆ ಬರುತ್ತಿದ್ದುದು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳಿಂದ. ಬೆಲೆ ವಿಪರೀತ, ಸಿಗುತ್ತಿದ್ದುದು ಸ್ವಲ್ಪ. ಮುಂದೆ 1860ರ ದಶಕದಲ್ಲಿ ನಮ್ಮ ಪಕ್ಕದ ನೀಲಗಿರಿಯ ದೊಡ್ಡಬೆಟ್ಟ, ನಡುವಟ್ಟಂಗಳಲ್ಲಿ ಸರಕಾರವೇ ಸಿಂಕೋನ ತೋಟಗಳನ್ನು ಮಾಡಿತು. ಆಮೇಲೆ ವಯನಾಡಿನ ಕಾಫಿ ತೋಟಗಾರರೂ ಅದನ್ನು ನೆಟ್ಟು ನೋಡಿದರು. ಆದರೆ ಇವೆಲ್ಲ ಆಮೇಲಿನ ಮಾತು. 1856ರಲ್ಲಿ ಕ್ವಿನೀನನ್ನು ಪ್ರಯೋಗಶಾಲೆಯಲ್ಲೇ ತಯಾರಿಸಲು ಸಾಧ್ಯವಾದರೆ ಲೋಕಕ್ಕೆ ಎಷ್ಟು ಉಪಕಾರವಾದೀತು ಎಂಬ ವಿಚಾರವನ್ನು ಹಾಫ್‌ಮನ್ ಆಗಲೇ ಮುಂದಿಟ್ಟಿದ್ದನು. ಶಿಷ್ಯನ ಮನಸ್ಸಿನಲ್ಲಿ ಅದು ಬೇರೂರಿತು.

ಆಗ ಗೊತ್ತಿದ್ದುದು ಕ್ವಿನೀನಿನ ಪರಮಾಣುಗಳ ಲೆಕ್ಕ ಮಾತ್ರ: 20 ಇಂಗಾಲ, 24 ಜಲಜನಕ, 2 ಸಾರಜನಕ, 2 ಆಮ್ಲಜನಕ. ಪರ್ಕಿನ್ ಗಣಿತ ಹಾಕಿದನು. ಟಾರಿನಿಂದ ಬರುವ ಒಂದು ವಸ್ತುವಿನಿಂದ ತಯಾರಾಗುವ ಅಲೈಲ್ ಟೊಲುಯಿಡಿನ್ ಎಂಬುದರ ಒಂದು ಅಣುವಿನಲ್ಲಿ 10 ಇಂಗಾಲ, 13 ಜಲಜನಕ, 1 ಸಾರಜನಕ ಇವೆ. ಅಂಥ ಎರಡು ಅಣುಗಳನ್ನು ಕೂಡಿಸಿ, ಆಮ್ಲಜನಕ ಸೇರಿಸಿ, ಒಂದು ನೀರಿನ ಅಣುವನ್ನು ಕಳೆದರೆ ಲೆಕ್ಕ ಸರಿಯಾಗಿ ಕ್ವಿನೀನಿಗೆ ಬಂದು ನಿಲ್ಲುತ್ತದೆ!

ಕಾಗದದ ಮೇಲೆ ಲೆಕ್ಕ ಸರಿ. ಆದರೆ ಸೃಷ್ಟಿಯಲ್ಲಿ ಲೆಕ್ಕ ಸರಿಯಾದರೆ ಸಾಲದು, ಜೋಡಣೆಯೂ ಸರಿಯಾಗಬೇಕು. ‘ರಸ’ ಎಂಬ ಪದದಲ್ಲೂ ‘ಸರ’ ಎಂಬ ಪದದಲ್ಲೂ ಇರುವ ಅಕ್ಷರಗಳು ಅವೇ ಎರಡು. ಆದರೆ ರಸವನ್ನು ಕುಡಿಯಬಹುದು, ಸರವನ್ನು ಕೊರಳಿಗೆ ಹಾಕಿಕೊಳ್ಳಬಹುದು. ಒಂದರ ಕೆಲಸ ಇನ್ನೊಂದರಿಂದ ಆಗದು. ಅಣುಗಳ ವಿಷಯವೂ ಹಾಗೆಯೇ. ಈ ಜೋಡಣೆಯ ರಹಸ್ಯ ಆ ಕಾಲದ ಯಾವ ವಿಜ್ಞಾನಿಗೂ ಸ್ಪಷ್ಟವಾಗಿ ತಿಳಿದಿರಲಿಲ್ಲ.

ಎಸೆಯದೇ ಉಳಿಸಿದ ಕಪ್ಪು ಗಷ್ಟು

1856ರ ಈಸ್ಟರ್ ರಜೆ. ಪರ್ಕಿನ್ನನಿಗೆ 18 ವರ್ಷ. ಮನೆಯ ಕೋಣೆಯಲ್ಲಿ ಅವನು ಪ್ರಯೋಗ ನಡೆಸಿದನು. ಬಿಳಿಯ ಕ್ವಿನೀನಿನ ಬದಲು ಕೆಂಗಂದು ಬಣ್ಣದ ಪುಡಿ ಬಂದಿತು. ಬೇರೆ ಯಾರಾದರೂ ಅಲ್ಲಿಗೇ ಕೈಬಿಡುತ್ತಿದ್ದರೋ ಏನೋ. ಪರ್ಕಿನ್ ಇನ್ನೂ ಸರಳವಾದ ಅನಿಲಿನ್ ಎಂಬ ವಸ್ತುವನ್ನು ತೆಗೆದುಕೊಂಡು ಅದೇ ಪ್ರಯೋಗ ಮಾಡಿ ನೋಡಿದನು. ಈ ಬಾರಿ ಬಂದದ್ದು ಕಪ್ಪನೆಯ ಗಷ್ಟು. ಅದನ್ನು ಒಣಗಿಸಿ, ಮದ್ಯಸಾರ ಹಾಕಿ ಕಲಕಿದಾಗ ದ್ರವವು ಸೊಗಸಾದ ನೇರಳೆ ಬಣ್ಣಕ್ಕೆ ತಿರುಗಿತು. ಅದರಲ್ಲಿ ಅದ್ದಿದ ರೇಷ್ಮೆಗೆ ಬಣ್ಣ ಹಿಡಿಯಿತು. ತೊಳೆದರೂ ಹೋಗಲಿಲ್ಲ, ಬಿಸಿಲಿಗಿಟ್ಟರೂ ಮಾಸಲಿಲ್ಲ.

ಅದುವರೆಗೆ ಬಣ್ಣವೆಂದರೆ ಗಿಡ, ಬೇರು, ತೊಗಟೆ, ಹುಳುಗಳಿಂದ ಬರಬೇಕಾದದ್ದು. ಪರ್ಕಿನ್ ಆ ರೇಷ್ಮೆಯ ತುಂಡನ್ನು ಸ್ಕಾಟ್ಲೆಂಡಿನ ಪರ್ತ್ ಎಂಬಲ್ಲಿನ ಪುಲ್ಲರ್ ಎಂಬ ಬಣ್ಣಗಾರರಿಗೆ ಕಳುಹಿಸಿದನು. ಬೆಲೆ ಹೆಚ್ಚಾಗದಿದ್ದರೆ ಇದು ಬಹಳ ಬೆಲೆಬಾಳುವ ಶೋಧವೆಂಬ ಉತ್ತರ ಬಂದಿತು. ಆಗಸ್ಟ್ ತಿಂಗಳಲ್ಲಿ ಅವನು ಪೇಟೆಂಟ್ ಪಡೆದನು. ಕಾಲೇಜನ್ನು ಬಿಟ್ಟು ಕಾರ್ಖಾನೆ ಹಾಕುವುದಾಗಿ ಗುರುವಿಗೆ ತಿಳಿಸಿದಾಗ ಹಾಫ್‌ಮನ್ನನಿಗೆ ಅದು ಸ್ವಲ್ಪವೂ ಹಿಡಿಸಲಿಲ್ಲ. ಒಳ್ಳೆಯ ಸಂಶೋಧಕನಾಗಬೇಕಾದ ಹುಡುಗ ವ್ಯಾಪಾರಕ್ಕಿಳಿದು ಕೆಡುತ್ತಾನೆಂದು ಅವನು ನೊಂದನು.

ಈ ಘಟ್ಟದಲ್ಲಿ ಮಗನ ಬೆನ್ನಿಗೆ ನಿಂತವನು ತಂದೆ. ಮೊದಲು ಮಗನ ಓದಿನ ದಾರಿಯನ್ನೇ ಒಪ್ಪದಿದ್ದ ಆತ ಈಗ ಜೀವಮಾನದ ಉಳಿತಾಯದ ಬಹುಭಾಗವನ್ನು ತಂದು ಕಾರ್ಖಾನೆಗೆ ಹಾಕಿದನು. ಅಣ್ಣ ಥಾಮಸ್ ಡಿಕ್ಸ್ ಪಾಲುದಾರನಾಗಿ ಸೇರಿದನು. 1857ರಲ್ಲಿ ಲಂಡನ್ನಿನ ಹೊರಗೆ ಗ್ರೀನ್‌ಫರ್ಡ್ ಎಂಬಲ್ಲಿ ಕಾಲುವೆಯ ದಡದಲ್ಲಿ ಕಾರ್ಖಾನೆ ಎದ್ದಿತು. ಎಲ್ಲವೂ ಹೊಸದು. ಬೇಕಾದ ಪಾತ್ರೆಗಳು ಮಾರುಕಟ್ಟೆಯಲ್ಲಿಲ್ಲ; ಬೇಕಾದ ಕಚ್ಚಾ ವಸ್ತುಗಳನ್ನೂ ತಾವೇ ತಯಾರಿಸಬೇಕು; ಸ್ವಲ್ಪ ತಪ್ಪಿದರೆ ಸಿಡಿಯುವ ಅಪಾಯ. ಹತ್ತಿಯ ಬಟ್ಟೆಗೆ ಬಣ್ಣ ಹಿಡಿಯುವಂತೆ ಮಾಡುವ ವಿಧಾನವನ್ನೂ ಕಂಡುಹಿಡಿದು ಬಣ್ಣಗಾರರಿಗೆ ಕಲಿಸಬೇಕಾಯಿತು. ಅಂತೂ ಅದೇ ವರ್ಷದ ಕೊನೆಗೆ ಬಣ್ಣ ಮಾರಾಟಕ್ಕೆ ಬಂದಿತು. 1858ರ ಜನವರಿಯಲ್ಲಿ ವಿಕ್ಟೋರಿಯಾ ರಾಣಿ ಮಗಳ ಮದುವೆಗೆ ಇದೇ ಛಾಯೆಯ ಉಡುಪು ಧರಿಸಿದಳು. ‘ಮಾವ್’ ಎಂಬ ಆ ನೇರಳೆ ಊರೆಲ್ಲ ಹರಡಿತು.

ಹುಲ್ಲಿನ ಪರಿಮಳ

ಹಣ ಬಂದಿತು, ಹೆಸರು ಬಂದಿತು, ದುಃಖವೂ ಬಂದಿತು. 1859ರಲ್ಲಿ ಮದುವೆಯಾದ ಪತ್ನಿ ಜೆಮೈಮಾ 1862ರಲ್ಲಿ ಎರಡು ಎಳೆಯ ಗಂಡುಮಕ್ಕಳನ್ನು ಬಿಟ್ಟು ತೀರಿಕೊಂಡಳು. 1866ರಲ್ಲಿ ಪರ್ಕಿನ್ ಎರಡನೆಯ ಮದುವೆಯಾದನು. ಇಷ್ಟರ ನಡುವೆಯೂ ಗುರುವಿನ ಅಂಜಿಕೆಯನ್ನು ಅವನು ಸುಳ್ಳು ಮಾಡಿದನು. ಕಾರ್ಖಾನೆ ನಡೆಸುತ್ತಲೇ ಶುದ್ಧ ಸಂಶೋಧನೆಯನ್ನೂ ಬಿಡದೆ ಮುಂದುವರಿಸಿದನು. ಅದರ ಫಲವೇ 1868ರ ಕೂಮರಿನ್.

ಕೂಮರಿನ್ ಹೊಸ ವಸ್ತುವೇನಲ್ಲ. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಬೆಳೆಯುವ ಟೊಂಕ ಎಂಬ ಮರದ ಬೀಜಗಳಿಗೆ ಮಧುರವಾದ ಸುವಾಸನೆಯಿದೆ. ಅಲ್ಲಿನ ಜನ ಆ ಮರಕ್ಕೆ ಕೂಮರು ಎನ್ನುತ್ತಾರೆ. ಕೂಮರಿನ್ ಎಂಬ ಹೆಸರಿನ ಮೂಲ ಅದು. ಬೀಜಗಳನ್ನು ರಮ್ಮಿನಲ್ಲಿ ನೆನೆಸಿ ಒಣಗಿಸಿದರೆ ಮೇಲೆ ಇಬ್ಬನಿ ಹೆಪ್ಪುಗಟ್ಟಿದಂತೆ ಬಿಳಿಯ ಹರಳು ಕೂರುತ್ತದೆ. 100 ಗ್ರಾಂ ಬೀಜದಲ್ಲಿ ಸಾಮಾನ್ಯವಾಗಿ 1ರಿಂದ 3 ಗ್ರಾಂ ಕೂಮರಿನ್ ಇರುತ್ತದೆ. 1820ರಲ್ಲಿ ಜರ್ಮನಿಯ ಫೋಗೆಲ್ ಅದನ್ನು ಬೀಜದಿಂದ ಬೇರ್ಪಡಿಸಿದನು. ಸಿಂಕೋನ ತೊಗಟೆಯಿಂದ ಕ್ವಿನೀನನ್ನು ಫ್ರಾನ್ಸಿನಲ್ಲಿ ಬೇರ್ಪಡಿಸಿದ್ದೂ ಅದೇ 1820ರಲ್ಲಿ! ಒಂದೇ ವರ್ಷ ಹೊರಬಂದ ಈ ಎರಡರಲ್ಲಿ ಒಂದು ಪರ್ಕಿನ್ನನ ಕೈಗೆ ಸಿಗಲಿಲ್ಲ, ಇನ್ನೊಂದು ಸಿಕ್ಕಿತು.

ಯೂರೋಪಿನ ಹುಲ್ಲುಗಾವಲಿನ ಕೆಲವು ಹುಲ್ಲುಗಳಲ್ಲೂ ಇದೇ ವಸ್ತುವಿದೆ. ಹುಲ್ಲು ಜೀವಂತವಾಗಿರುವಾಗ ವಾಸನೆ ಅಷ್ಟಾಗಿ ಇರುವುದಿಲ್ಲ. ಕೂಮರಿನ್ ಆಗಬೇಕಾದ ವಸ್ತು ಸಕ್ಕರೆಯೊಂದಿಗೆ ಕಟ್ಟುಬಿದ್ದು ಎಲೆಯಲ್ಲಿ ಅಡಗಿರುತ್ತದೆ. ಹುಲ್ಲನ್ನು ಕೊಯ್ದು ಬಾಡಲು ಬಿಟ್ಟಾಗ ಜೀವಕೋಶಗಳು ಒಡೆದು ಆ ಕಟ್ಟು ಬಿಚ್ಚುತ್ತದೆ. ಆಗ ಕೂಮರಿನ್ ಉಂಟಾಗಿ ಪರಿಮಳ ಹೊರಡುತ್ತದೆ. ಕೊಯ್ದ ದಿನಕ್ಕಿಂತ ಒಣಗಿದ ಮೇಲೆ ಅಂಥ ಹುಲ್ಲು ಹೆಚ್ಚು ಕಂಪಾಗಲು ಇದೇ ಕಾರಣ. ನಮ್ಮ ಗಂಧಕಶಾಲೆ ಅಕ್ಕಿಯ ಘಮಕ್ಕೆ ಕಾರಣವಾದ ವಸ್ತು ಬೇರೆ ಎಂಬುದನ್ನು ಇಲ್ಲಿ ನೆನಪಿಡಬೇಕು; ಕಂಪುಳ್ಳ ಎಲ್ಲದರಲ್ಲೂ ಕೂಮರಿನ್ ಇರುವುದಿಲ್ಲ.

ಪರ್ಕಿನ್ ಮಾಡಿದ್ದೇನು? ಸ್ಯಾಲಿಸಿಲಾಲ್ಡಿಹೈಡ್ ಎಂಬ ವಸ್ತುವಿನ ಸೋಡಿಯಂ ಸಂಯುಕ್ತಕ್ಕೆ ಅಸಿಟಿಕ್ ಆನ್‌ಹೈಡ್ರೈಡನ್ನು ಸೇರಿಸಿ ಕಾಯಿಸಿದನು. ಎರಡೂ ಕೂಡಿ, ಉಂಗುರದಂತೆ ಬಾಗಿ ಮುಚ್ಚಿಕೊಂಡು, ಟೊಂಕ ಬೀಜದಲ್ಲಿದ್ದ ಅದೇ ಹರಳು ಹುಟ್ಟಿತು. ಈ ಬಗೆಯ ಕ್ರಿಯೆಗೆ ಇಂದಿಗೂ ಪರ್ಕಿನ್ ಕ್ರಿಯೆ ಎಂದೇ ಹೆಸರು. ಕಾಲೇಜಿಗೆ ಹೋದಾಗ ನೀವು ಅದನ್ನು ಓದುತ್ತೀರಿ. 1876ರಲ್ಲಿ ಸ್ಯಾಲಿಸಿಲಾಲ್ಡಿಹೈಡನ್ನು ಫೀನಾಲಿನಿಂದ ತಯಾರಿಸುವ ದಾರಿ ಜರ್ಮನಿಯಲ್ಲಿ ಸಿಕ್ಕಿತು. ಫೀನಾಲ್ ಬರುವುದು ಟಾರಿನಿಂದ. ಹೀಗೆ ಮೂಗು ಮುಚ್ಚಿಕೊಳ್ಳಬೇಕಾದ ಟಾರಿನಿಂದ ಮೂಗರಳಿಸುವ ಪರಿಮಳಕ್ಕೆ ದಾರಿ ತೆರೆಯಿತು.

ಗುಣ ಮತ್ತು ಉಪಯೋಗ

ಕೂಮರಿನ್ ಬಣ್ಣವಿಲ್ಲದ ಅಥವಾ ಬಿಳಿಯ ಹರಳು. ಅದರ ಅಣುವಿನಲ್ಲಿ 9 ಇಂಗಾಲ, 6 ಜಲಜನಕ, 2 ಆಮ್ಲಜನಕ ಪರಮಾಣುಗಳಿವೆ. ಸುಮಾರು 71 ಡಿಗ್ರಿ ಸೆಲ್ಸಿಯಸ್‌ಗೆ ಕರಗಿ ನೀರಾಗುತ್ತದೆ. ಸುಮಾರು 300 ಡಿಗ್ರಿಗೆ ಕುದಿಯುತ್ತದೆ. ತಣ್ಣೀರಿನಲ್ಲಿ ಬಹಳ ಕಡಿಮೆ, ಕುದಿನೀರಿನಲ್ಲಿ ಸ್ವಲ್ಪ ಹೆಚ್ಚು, ಮದ್ಯಸಾರದಲ್ಲೂ ಎಣ್ಣೆಗಳಲ್ಲೂ ಚೆನ್ನಾಗಿ ಕರಗುತ್ತದೆ. ವಾಸನೆ ಸಿಹಿ, ರುಚಿ ಮಾತ್ರ ಕಹಿ.

ಈ ಗುಣಗಳಿಂದಲೇ ಅದರ ಉಪಯೋಗ ತಿಳಿಯುತ್ತದೆ. ಸೆಂಟೆಂದರೆ ಹಲವು ಸುವಾಸನೆಗಳನ್ನು ಮದ್ಯಸಾರದಲ್ಲಿ ಬೆರೆಸಿದ್ದು. ನಿಂಬೆ, ಕಿತ್ತಳೆಗಳಂಥ ಎಣ್ಣೆಗಳು ಬೇಗನೆ ಆವಿಯಾಗಿ ಹಾರಿಹೋಗುತ್ತವೆ. ಕೂಮರಿನ್ ನಿಧಾನವಾಗಿ ಆವಿಯಾಗುವುದರಿಂದ ಕೊನೆಯವರೆಗೂ ಉಳಿದು, ಜೊತೆಯ ಪರಿಮಳಗಳನ್ನೂ ಸ್ವಲ್ಪ ಹೊತ್ತು ಹಿಡಿದು ನಿಲ್ಲಿಸುತ್ತದೆ. ಲ್ಯಾವೆಂಡರ್ ಹೂವಿನ ಎಣ್ಣೆಯ ತೀಕ್ಷ್ಣತೆಯನ್ನು ತಗ್ಗಿಸಿ ಮೆದುಗೊಳಿಸುತ್ತದೆ. ಬೀಜದ ಫಸಲು ಕೆಟ್ಟಿತೆಂದು ಅದರ ಗುಣ ಕೆಡುವುದಿಲ್ಲ. ವರ್ಷವೆಲ್ಲ ಒಂದೇ ಸಮನಾಗಿ ದೊರೆಯುತ್ತದೆ. ಆದ್ದರಿಂದ ಸೋಪು, ಪೌಡರು, ಕ್ಷೌರದ ಕ್ರೀಮು, ಬಟ್ಟೆ ಒಗೆಯುವ ಪುಡಿ ಮೊದಲಾದ ಎಷ್ಟೋ ವಸ್ತುಗಳ ಸುವಾಸನೆಯಲ್ಲಿ ಅದು ಸೇರಿದೆ. ನಿಕ್ಕಲ್ ಲೇಪನ ಮಾಡುವ ಕಾರ್ಖಾನೆಗಳಲ್ಲಿ ಲೇಪನ ನುಣುಪಾಗಿ ಕೂರಲೂ ಅದನ್ನು ಬಳಸಿದ್ದುಂಟು.

1882ರಲ್ಲಿ ಪ್ಯಾರಿಸಿನ ಊಬಿಗಾಂ ಎಂಬ ಸುಗಂಧದ ಕಂಪೆನಿಗಾಗಿ ಪಾಲ್ ಪಾರ್ಕೆ ಎಂಬ ಕುಶಲಿ, ಕೃತಕ ಕೂಮರಿನ್ ಬೆರೆಸಿ ‘ಫೂಜೇರ್ ರಾಯಾಲ್’ ಎಂಬ ಸೆಂಟನ್ನು ತಯಾರಿಸಿದನು. ಹಾಗೆಂದರೆ ರಾಜಯೋಗ್ಯವಾದ ಜರೀಗಿಡ. ನಮ್ಮ ತೊರೆಗಳ ಪಕ್ಕದಲ್ಲಿ ಬೇಕಾದಷ್ಟು ಜರೀಗಿಡಗಳಿವೆ. ಮೂಸಿ ನೋಡಿದರೆ ಹೇಳಿಕೊಳ್ಳುವಂಥ ಪರಿಮಳವೇನೂ ಇಲ್ಲ. ಜರೀಗಿಡಕ್ಕೆ ಪರಿಮಳವಿದ್ದಿದ್ದರೆ ಹೇಗಿರುತ್ತಿತ್ತು ಎಂದು ಊಹಿಸಿ ಅವನು ಅದನ್ನು ಕಟ್ಟಿದ್ದನು. ಅದುವರೆಗೆ ಹೂವಿನಲ್ಲಿದ್ದುದನ್ನು ಸೀಸೆಗೆ ಇಳಿಸುವುದು ಸುಗಂಧಗಾರನ ಕೆಲಸವಾಗಿತ್ತು; ಸೃಷ್ಟಿಯಲ್ಲಿ ಇಲ್ಲದ್ದನ್ನು ಕಲ್ಪಿಸುವ ಕಲೆ ಇಲ್ಲಿಂದ ಬೆಳೆಯಿತು.

ಹಾಫ್‌ಮನ್ ಮುಂದೆ ಬರ್ಲಿನ್ನಿಗೆ ಮರಳಿದ ಮೇಲೆ ಅಲ್ಲಿ ಅವನ ಶಿಷ್ಯನಾದ ಫರ್ಡಿನಾಂಡ್ ಟೀಮನ್ ಇದೇ ದಾರಿಯಲ್ಲಿ ನಡೆದನು. 1874ರಲ್ಲಿ ವೆನಿಲಾದ ಸಾರವಾದ ವೆನಿಲಿನ್ನನ್ನು ಹಾರ್ಮನ್ನನೊಡನೆ ಸೇರಿ ತಯಾರಿಸಿದನು. 1893ರಲ್ಲಿ ಕ್ರೂಗರ್ ಎಂಬವನೊಡನೆ ವಯೊಲೆಟ್ ಹೂವಿನ ವಾಸನೆಯುಳ್ಳ ಅಯೋನೋನನ್ನು ತಯಾರಿಸಿದನು. ಈ ಅಯೋನೋನಿಗೆ ಬೇಕಾದ ಸಿಟ್ರಾಲ್ ಎಂಬ ವಸ್ತು ಮಜ್ಜಿಗೆ ಹುಲ್ಲಿನ ಎಣ್ಣೆಯಲ್ಲಿ ತುಂಬಿದೆ. ಮಲಬಾರು, ತಿರುವಾಂಕೂರಿನ ಬೆಟ್ಟಗಳ ಹುಲ್ಲೆಣ್ಣೆ ಕೊಚ್ಚಿಯಿಂದ ಹಡಗು ಹತ್ತಿ, ‘ಕೊಚ್ಚಿ ಎಣ್ಣೆ’ ಎಂಬ ಹೆಸರಿನಲ್ಲಿ ಲೋಕದ ಮಾರುಕಟ್ಟೆಗೆ ಹೋಗುತ್ತಿತ್ತು. ಕಾರ್ಖಾನೆಯ ಪರಿಮಳಕ್ಕೂ ನಮ್ಮ ಬೆಟ್ಟದ ಹುಲ್ಲಿಗೂ ಹೀಗೆ ನಂಟು ಬೆಳೆಯಿತು.

ಎಚ್ಚರ ಬೇಕಾದಲ್ಲಿ ಎಚ್ಚರ

ಪರಿಮಳವಿದೆಯೆಂದು ಬಾಯಿಗೆ ಹಾಕಿಕೊಳ್ಳಬಾರದು. ಹಿಂದೆ ಕೂಮರಿನ್ನನ್ನು ತಿಂಡಿಗಳಿಗೂ ಬೆರೆಸುತ್ತಿದ್ದರು. ಪ್ರಾಣಿಗಳ ಮೇಲೆ ನಡೆಸಿದ ಪರೀಕ್ಷೆಗಳಲ್ಲಿ ಅದು ಯಕೃತ್ತಿಗೆ ಹಾನಿ ಮಾಡುವುದು ಕಂಡುಬಂದು, 1954ರಲ್ಲಿ ಅಮೆರಿಕ ಆಹಾರಕ್ಕೆ ಅದನ್ನು ಸೇರಿಸುವುದನ್ನು ನಿಷೇಧಿಸಿತು. ಒಬ್ಬ ಮನುಷ್ಯ ದಿನಕ್ಕೆ ತನ್ನ ದೇಹದ ತೂಕದ ಒಂದೊಂದು ಕಿಲೋಗೆ 0.1 ಮಿಲಿಗ್ರಾಂವರೆಗೆ ಸೇವಿಸಿದರೆ ತೊಂದರೆಯಿಲ್ಲವೆಂದು ಯೂರೋಪಿನ ಆಹಾರ ಸುರಕ್ಷತಾ ತಜ್ಞರು ಮಿತಿ ಹಾಕಿದ್ದಾರೆ.

ತಾಯಂದಿರು ಗಮನಿಸಬೇಕಾದ ಮಾತೊಂದಿದೆ. ಅಂಗಡಿಯಲ್ಲಿ ದಾಲ್ಚಿನ್ನಿ ಎಂದು ಮಾರುವ ಚಕ್ಕೆಯಲ್ಲಿ ಎರಡು ಬಗೆ. ನಿಜವಾದ ದಾಲ್ಚಿನ್ನಿ ಕಾಗದದಂತೆ ತೆಳ್ಳಗಿದ್ದು, ಪದರಪದರವಾಗಿ ಸುರುಳಿ ಸುತ್ತಿರುತ್ತದೆ. ಅದರಲ್ಲಿ ಕೂಮರಿನ್ ಇಲ್ಲವೆನ್ನುವಷ್ಟು ಕಡಿಮೆ. ಕ್ಯಾಸಿಯ ಎಂಬ ದಪ್ಪನೆಯ, ಒರಟಾದ ಚಕ್ಕೆಯಲ್ಲಿ ಅದು ಬಹಳ ಹೆಚ್ಚು. ಸಾರಿಗೆ ಒಂದು ಚೂರು ಹಾಕಿದರೆ ಭಯವಿಲ್ಲ. ಆದರೆ ಔಷಧವೆಂದು ದಿನಾಲೂ ಚಮಚಗಟ್ಟಲೆ ಪುಡಿ ತಿನ್ನುವವರು ಯಾವ ಚಕ್ಕೆ ಎಂದು ನೋಡಿಕೊಳ್ಳುವುದು ಒಳ್ಳೆಯದು. ಕೂಮರಿನ್ ಗಿಡದಲ್ಲಿದ್ದರೂ ಒಂದೇ, ಕಾರ್ಖಾನೆಯಲ್ಲಿದ್ದರೂ ಒಂದೇ. ಸ್ವಾಭಾವಿಕವೆಂದ ಮಾತ್ರಕ್ಕೆ ಅಮೃತವಲ್ಲ, ಕೃತಕವೆಂದ ಮಾತ್ರಕ್ಕೆ ವಿಷವೂ ಅಲ್ಲ, ಪ್ರಮಾಣವೇ ಮುಖ್ಯ. ಕೆಲವರ ಚರ್ಮಕ್ಕೆ ಈ ವಸ್ತು ಒಗ್ಗದೆ ತುರಿಕೆ ತರುವುದರಿಂದ, ಸೋಪು ಸೆಂಟುಗಳಲ್ಲಿ ನಿಗದಿತ ಪ್ರಮಾಣಕ್ಕಿಂತ ಹೆಚ್ಚಿದ್ದರೆ ಅದರ ಹೆಸರನ್ನು ಪೊಟ್ಟಣದ ಮೇಲೆ ಬರೆಯಬೇಕೆಂಬ ನಿಯಮ ಯೂರೋಪಿನಲ್ಲಿದೆ.

ಇನ್ನೊಂದು ಪ್ರಶ್ನೆ ರೈತರದು. ಕಾರ್ಖಾನೆಯ ವಸ್ತು ಬಂದರೆ ಬೆಳೆಗಾರನ ಗತಿಯೇನು? 1869ರಲ್ಲಿ ಪರ್ಕಿನ್ ಅಲಿಜರಿನ್ ಎಂಬ ಕೆಂಪು ಬಣ್ಣವನ್ನು ತಯಾರಿಸಿದಾಗ, ಅದೇ ಬಣ್ಣಕ್ಕಾಗಿ ಫ್ರಾನ್ಸಿನಲ್ಲಿ ಮಂಜಿಷ್ಠದ ಜಾತಿಯ ಬೇರು ಬೆಳೆಯುತ್ತಿದ್ದ ರೈತರು ಕೆಲವೇ ವರ್ಷಗಳಲ್ಲಿ ಆ ಬೆಳೆಯನ್ನೇ ಬಿಡಬೇಕಾಯಿತು. ಇಲ್ಲಿಯೂ 2003ರ ಸುಮಾರಿಗೆ ವೆನಿಲಾ ಬೆಲೆ ಆಕಾಶಕ್ಕೇರಿದ್ದನ್ನೂ, ಹಬ್ಬಿಸಿದ ಬಳ್ಳಿ ಕಾಯಿ ಬಿಡುವಷ್ಟರಲ್ಲಿ ಬೆಲೆ ನೆಲಕಚ್ಚಿದ್ದನ್ನೂ ವಯನಾಡು, ಕೊಡಗು, ಮಲೆನಾಡುಗಳ ಎಷ್ಟೋ ಮನೆಗಳು ಮರೆತಿಲ್ಲ. ಬೇರೆ ಕಾರಣಗಳ ಜೊತೆಗೆ, ಅಗ್ಗದ ವೆನಿಲಿನ್ ಕೈಗೆ ಸಿಗುವಾಗ ಕೊಳ್ಳುವವರು ದುಬಾರಿ ಬೀನ್ಸನ್ನು ಕೈಬಿಟ್ಟದ್ದೂ ಇದಕ್ಕೊಂದು ಕಾರಣ. ಆದರೆ ವೆನಿಲಿನ್ ಎಂಬುದು ವೆನಿಲಾದ ಒಂದು ಅಂಶ ಮಾತ್ರ. ನಿಜವಾದ ಕಾಯಿಯಲ್ಲಿ ಇನ್ನೂ ನೂರಾರು ಅಂಶಗಳು ಸೇರಿ ಒಂದು ಪರಿಮಳವಾಗಿವೆ. ಒಂದು ಸ್ವರ ಹಾಡಾಗದು. ತನ್ನ ಬೆಳೆಯಲ್ಲಿ ಕಾರ್ಖಾನೆ ಕೊಡಲಾಗದ್ದು ಏನಿದೆ ಎಂದು ತಿಳಿದು ಬೆಳೆಯುವ ರೈತನಿಗೆ ಈ ವಿದ್ಯೆ ಬೇಕು.

ಕೊನೆಯ ದಿನಗಳು

ಅಲಿಜರಿನ್ ವಿಷಯದಲ್ಲಿ ಒಂದು ವಿಚಿತ್ರ ನಡೆಯಿತು. ಜರ್ಮನಿಯ ವಿಜ್ಞಾನಿಗಳೂ ಅದನ್ನೇ ಸಾಧಿಸಿ, ಪರ್ಕಿನ್ನನಿಗಿಂತ ಒಂದೇ ಒಂದು ದಿನ ಮೊದಲು ಪೇಟೆಂಟಿಗೆ ಅರ್ಜಿ ಹಾಕಿದರು. ಜಗಳಕ್ಕೆ ಹೋಗದೆ ಇಬ್ಬರೂ ಮಾರುಕಟ್ಟೆಯನ್ನು ಹಂಚಿಕೊಂಡರು. 1870ರಲ್ಲಿ ಗ್ರೀನ್‌ಫರ್ಡಿನಲ್ಲಿ ತಯಾರಾದ ಅಲಿಜರಿನ್ 40 ಟನ್. 1871ರಲ್ಲಿ 220 ಟನ್. ಸಂಪತ್ತು ಹೀಗೆ ಹರಿದು ಬರುತ್ತಿರುವಾಗಲೇ 1874ರಲ್ಲಿ, ಕೇವಲ 36ನೆಯ ವಯಸ್ಸಿನಲ್ಲಿ, ಪರ್ಕಿನ್ ಕಾರ್ಖಾನೆಯನ್ನು ಮಾರಿಬಿಟ್ಟನು. ಉಳಿದ ಮೂವತ್ತಕ್ಕೂ ಹೆಚ್ಚು ವರ್ಷಗಳನ್ನು ಮನೆಯ ಪ್ರಯೋಗಶಾಲೆಯಲ್ಲಿ ಸಂಶೋಧನೆಗೇ ಮುಡಿಪಾಗಿಟ್ಟನು. ಮೂವರು ಗಂಡುಮಕ್ಕಳೂ ರಸಾಯನ ವಿಜ್ಞಾನಿಗಳಾದರು.

1906ರಲ್ಲಿ ಮಾವ್ ಬಣ್ಣಕ್ಕೆ 50 ವರ್ಷ ತುಂಬಿದಾಗ ನಾನಾ ದೇಶಗಳ ವಿಜ್ಞಾನಿಗಳು ಲಂಡನ್ನಿನಲ್ಲಿ ಸೇರಿ ಅವನನ್ನು ಸನ್ಮಾನಿಸಿದರು. ಅದೇ ವರ್ಷ ಸರ್ ಪದವಿ ದೊರೆಯಿತು. 1907ರ ಜುಲೈ 14ರಂದು ಅವನು ತೀರಿಕೊಂಡನು. ಕ್ವಿನೀನಿನ ಅಣುವಿನ ಜೋಡಣೆ ಹೇಗಿದೆ ಎಂಬುದು ತಿಳಿದುಬಂದದ್ದು ಮರುವರ್ಷ, 1908ರಲ್ಲಿ. ಅವನು 18ನೆಯ ವಯಸ್ಸಿನಲ್ಲಿ ಹೊರಟ ದಾರಿ ಎಷ್ಟು ಉದ್ದವಿತ್ತು ಎಂಬುದು ಇದರಿಂದ ತಿಳಿಯುತ್ತದೆ.

ವಿದ್ಯಾರ್ಥಿ ಮಿತ್ರರೇ, ಪರ್ಕಿನ್ನನಿಗೆ ಅದೃಷ್ಟ ಒಲಿಯಿತೆಂದು ಹೇಳುವವರಿದ್ದಾರೆ. ಕಪ್ಪು ಗಷ್ಟು ಅವನಿಗಿಂತ ಮೊದಲೂ ಎಷ್ಟೋ ಪ್ರಯೋಗಶಾಲೆಗಳಲ್ಲಿ ಬಂದಿರಬೇಕು. ತೊಳೆದು ಚೆಲ್ಲಿದವರೇ ಹೆಚ್ಚು. ಅವನು ಚೆಲ್ಲುವ ಮೊದಲು ನೋಡಿದನು. ನೋಡಿದ್ದನ್ನು ಬಿಡದೆ, ತಂದೆಯ ಹಣವನ್ನೂ ಅಣ್ಣನ ದುಡಿಮೆಯನ್ನೂ ತನ್ನ ಯೌವನವನ್ನೂ ಹಾಕಿ ಕೊನೆ ಮುಟ್ಟಿಸಿದನು. ಮುಂದಿನ ಸಲ ಪ್ರಯೋಗದ ತರಗತಿಯಲ್ಲಿ ಪುಸ್ತಕದಲ್ಲಿ ಹೇಳಿದಂತೆ ಬರದೆ ಬೇರೆ ಏನೋ ಬಂದಾಗ, ಪಕ್ಕದವನ ಉತ್ತರವನ್ನು ನಕಲು ಮಾಡಿ ಪ್ರನಾಳವನ್ನು ತೊಳೆದಿಡಬೇಡಿ. ಮೂಗನ್ನು ನೇರವಾಗಿ ಅದರ ಬಾಯಿಗೆ ಒಡ್ಡದೆ, ಗುರುಗಳನ್ನು ಕರೆದು, ಬಂದದ್ದೇನು ಎಂದು ಕೇಳಿರಿ.